ಕರ್ನಾಟಕದಲ್ಲಿ ಬೇಟೆನಾಯಿಗಳೊಡನೆ ಬೇಟೆ

ಬೇಟೆನಾಯಿಗಳೊಡನೆ ಬೇಟೆ ಎಂದರೆ ತರಬೇತಿ ಪಡೆದ ನಾಯಿಗಳ ನೆರವಿನಿಂದ ಕಾಡುಪ್ರಾಣಿಗಳನ್ನು ಪತ್ತೆಹಚ್ಚಿ, ಬೆನ್ನಟ್ಟಿ, ಹಿಡಿಯುವ ಅಥವಾ ಕೊಲ್ಲುವ ಪದ್ಧತಿ. ಇಂಗ್ಲೆಂಡಿನಲ್ಲಿ ಇದು ನರಿ ಬೇಟೆಯ ರೂಪದಲ್ಲಿ ನಿಯಮಬದ್ಧ ಕ್ರೀಡೆಯಾಗಿ ಬೆಳೆಯಿತು. ಕರ್ನಾಟಕದಲ್ಲಿ ಹಂದಿ, ಮೊಲ, ಜಿಂಕೆ ಹಾಗೂ ನರಿಗಳನ್ನು ನಾಯಿಗಳೊಡನೆ ಬೇಟೆಯಾಡುವ ರೂಢಿ ಬಹಳ ಹಿಂದಿನದು. ಈ ಬಗೆಯ ಬೇಟೆಯ ಅತ್ಯಂತ ಪ್ರಸಿದ್ಧ ಕನ್ನಡ ದಾಖಲೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ 10ನೆಯ ಶತಮಾನದ ಶಾಸನವಾಗಿದೆ.

ಬೇಟೆಯನ್ನು ಯಾರು ನಡೆಸಬೇಕು, ಎಲ್ಲಿ ನಡೆಸಬೇಕು, ಅದರ ಫಲ ಯಾರಿಗೆ ಸೇರಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರ ಕಾಲಕಾಲಕ್ಕೆ ಬದಲಾಗಿದೆ. ಮೊದಲು ಅದು ಅರಸರು ಮತ್ತು ಊರ ಹಿರಿಯರ ಕೈಯಲ್ಲಿತ್ತು; ಬ್ರಿಟಿಷರ ಕಾಲದಲ್ಲಿ ಬೇಟೆ ಸಂಘಗಳು ಹುಟ್ಟಿಕೊಂಡವು; ಈಗ ಅದು ಸಂಪೂರ್ಣವಾಗಿ ಕಾನೂನಿನ ವ್ಯಾಪ್ತಿಗೆ ಬಂದಿದೆ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972 ಮತ್ತು ಅದರ ತಿದ್ದುಪಡಿಗಳ ಪ್ರಕಾರ, ಸಂರಕ್ಷಿತ ಪ್ರಾಣಿಯನ್ನು ನಾಯಿ ಬಿಟ್ಟು ಅಟ್ಟಿಸುವುದು ಸಹ ಶಿಕ್ಷಾರ್ಹ ಅಪರಾಧವಾಗಿದೆ.

ಪದಬಳಕೆ ಮತ್ತು ಪ್ರಾಣಿಗಳು

ಕನ್ನಡದಲ್ಲಿ ‘ನರಿ’ ಎಂಬ ಪದವನ್ನು ಎರಡು ಬೇರೆ ಬೇರೆ ಪ್ರಾಣಿಗಳಿಗೆ ಬಳಸಲಾಗುತ್ತದೆ. ಮೊದಲನೆಯದು ತೋಳದ ಕುಲಕ್ಕೆ ಸೇರಿದ, ಊರಂಚಿನ ಹೊಲ, ಕುರುಚಲು ಕಾಡುಗಳಲ್ಲಿ ವಾಸಿಸುವ, ರಾತ್ರಿ ವೇಳೆ ಗುಂಪಾಗಿ ಊಳಿಡುವ ಪ್ರಾಣಿ. ಇದನ್ನು ಗುಳ್ಳೆನರಿ ಎಂದೂ ಕರೆಯುತ್ತಾರೆ. ಎರಡನೆಯದು ಗಾತ್ರದಲ್ಲಿ ಇದಕ್ಕಿಂತ ಚಿಕ್ಕದಾದ, ಬಯಲುಸೀಮೆಯ ಹುಲ್ಲುಗಾವಲುಗಳಲ್ಲಿ ಬಿಲ ತೋಡಿಕೊಂಡು ಬದುಕುವ, ಬಾಲದ ತುದಿ ಕಪ್ಪಗಿರುವ ಬಂಗಾಳ ನರಿ. ಇಂಗ್ಲೆಂಡಿನಲ್ಲಿ ಬೇಟೆಯಾಡುತ್ತಿದ್ದ ಕೆಂಪು ನರಿ ದಕ್ಷಿಣ ಭಾರತದಲ್ಲಿಲ್ಲ. ಆದ್ದರಿಂದ ಇಲ್ಲಿಗೆ ಬಂದ ಆಂಗ್ಲರು ಅದರ ಬದಲಿಗೆ ಗುಳ್ಳೆನರಿಯನ್ನು ಬೆನ್ನಟ್ಟುತ್ತಿದ್ದರು.

ಕೊಡವ ಭಾಷೆಯಲ್ಲಿ ‘ನರಿ’ ಎಂದರೆ ಹುಲಿ. ಕೊಡಗಿನಲ್ಲಿ ಹುಲಿಯನ್ನು ಕೊಂದ ವೀರನಿಗೆ ನಡೆಸುತ್ತಿದ್ದ ‘ನರಿ ಮಂಗಲ’ವೆಂಬ ಸನ್ಮಾನಕ್ಕೂ ಕನ್ನಡದ ನರಿಗೂ ಸಂಬಂಧವಿಲ್ಲ.

ಬೇಟೆನಾಯಿಗಳ ಬಗೆಗಳು

ಬೇಟೆನಾಯಿಗಳನ್ನು ಅವು ಬೇಟೆಯನ್ನು ಗುರುತಿಸುವ ಕ್ರಮಕ್ಕೆ ಅನುಗುಣವಾಗಿ ಎರಡು ಮುಖ್ಯ ವರ್ಗಗಳಾಗಿ ವಿಂಗಡಿಸಲಾಗುತ್ತದೆ.

- ವಾಸನೆ ಹಿಡಿಯುವ ನಾಯಿಗಳು: ಇವು ಪ್ರಾಣಿ ಸಾಗಿದ ದಾರಿಯ ವಾಸನೆಯನ್ನು ಮೂಸುತ್ತಾ ಬೊಗಳಿಕೊಂಡು ಗುಂಪಾಗಿ ಸಾಗುತ್ತವೆ. ವೇಗಕ್ಕಿಂತ ತಾಳಿಕೆ ಇವುಗಳ ಬಲ. ಇಂಗ್ಲೆಂಡಿನ ಫಾಕ್ಸ್‌ಹೌಂಡ್ ಈ ವರ್ಗಕ್ಕೆ ಸೇರಿದೆ.
- ಕಣ್ಣಿನಿಂದ ಗುರುತಿಸುವ ನಾಯಿಗಳು: ಇವು ಬಯಲಿನಲ್ಲಿ ಓಡುವ ಪ್ರಾಣಿಯನ್ನು ಕಂಡೊಡನೆ ಅತಿ ವೇಗವಾಗಿ ಅಟ್ಟಿಸಿಕೊಂಡು ಹೋಗುತ್ತವೆ. ನೀಳ ಮುಖ, ಆಳವಾದ ಎದೆ, ಸಣ್ಣ ಸೊಂಟ ಮತ್ತು ಉದ್ದನೆಯ ಕಾಲುಗಳು ಇವುಗಳ ಲಕ್ಷಣ. ಕರ್ನಾಟಕದ ಮುಧೋಳ ನಾಯಿ ಈ ವರ್ಗದ್ದು.

ಬೇಟೆಯ ಸಂಘಟನೆಯೂ ಈ ವ್ಯತ್ಯಾಸವನ್ನು ಅವಲಂಬಿಸಿದೆ. ವಾಸನೆ ಹಿಡಿಯುವ ನಾಯಿಗಳ ಬೇಟೆಗೆ ಡಜನ್‌ಗಟ್ಟಲೆ ನಾಯಿಗಳು, ಅವುಗಳನ್ನು ಸಾಕುವ ಲಾಯ, ಸಂಬಳದ ಸಿಬ್ಬಂದಿ ಮತ್ತು ಕುದುರೆಗಳು ಬೇಕು. ಕಣ್ಣಿನಿಂದ ಬೇಟೆಯಾಡುವ ನಾಯಿಗಳಾದರೆ ಒಂದೆರಡು ಸಾಕು. ಮೊದಲನೆಯದು ಧನಿಕರ ಸಂಘಗಳ ಕ್ರೀಡೆಯಾಗಿ ಬೆಳೆದುದಕ್ಕೂ ಎರಡನೆಯದು ರೈತರು ಮತ್ತು ಕುರಿಗಾಹಿಗಳ ಮನೆಯಂಗಳದಲ್ಲಿ ಉಳಿದುದಕ್ಕೂ ಇದು ಒಂದು ಕಾರಣ.

ಇತಿಹಾಸ

ಆತಕೂರು ಶಾಸನ

ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಗ್ರಾಮ. ಇಲ್ಲಿನ ಚಲ್ಲೇಶ್ವರ ದೇವಾಲಯದ ಮುಂದೆ ದೊರೆತ ಶಾಸನವು ಶಕವರ್ಷ 872ರ, ಅಂದರೆ ಸುಮಾರು ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ಚೋಳರೊಡನೆ ತಕ್ಕೋಲದಲ್ಲಿ ನಡೆಸಿದ ಯುದ್ಧವನ್ನೂ, ಆತನ ಪರವಾಗಿ ಹೋರಾಡಿದ ಗಂಗ ಅರಸ ಎರಡನೆಯ ಬೂತುಗನು ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದುದನ್ನೂ ಈ ಶಾಸನ ಉಲ್ಲೇಖಿಸುತ್ತದೆ. ದಕ್ಷಿಣ ಭಾರತದ ರಾಜಕೀಯ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಸ್ಥಾನವಿರುವುದು ಈ ಕಾರಣದಿಂದ. ಆದರೆ ಕಲ್ಲನ್ನು ನೆಟ್ಟದ್ದು ಒಂದು ನಾಯಿಯ ನೆನಪಿಗೆ.

ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಬೇಕಾದುದನ್ನು ಕೇಳಿಕೊಳ್ಳಲು ಅವಕಾಶ ದೊರೆಯಿತು. ಆತನು ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಬೆಳತೂರಿನ ಬಳಿಯ ದಿಣ್ಣೆಯಲ್ಲಿ ಕಾಳಿಯನ್ನು ದೊಡ್ಡ ಕಾಡುಹಂದಿಯೊಂದರ ಮೇಲೆ ಬಿಟ್ಟಾಗ, ಎರಡೂ ಹೋರಾಡಿ ಸತ್ತವು. ಕಾಳಿಯ ಸ್ಮರಣೆಗಾಗಿ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ದತ್ತಿ ಬಿಡಲಾಯಿತು. ಕಲ್ಲನ್ನು ಪೂಜಿಸದೆ ಉಣ್ಣುವ ಅರ್ಚಕನಿಗೆ ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಲಾಗಿದೆ. ಈ ಶಿಲಾಶಾಸನವನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.

ಬೇಟೆಯ ಸಂಘಟನೆಯ ದೃಷ್ಟಿಯಿಂದ ಈ ಶಾಸನವು ಎರಡು ಸಂಗತಿಗಳನ್ನು ತಿಳಿಸುತ್ತದೆ. ಒಳ್ಳೆಯ ಬೇಟೆನಾಯಿಯು ವೀರನು ಮೆಚ್ಚುಗೆಯ ಕೊಡುಗೆಯಾಗಿ ಕೇಳಿ ಪಡೆಯುವಷ್ಟು ಬೆಲೆಯುಳ್ಳ ಸ್ವತ್ತಾಗಿತ್ತು. ಕಾಳಗದಲ್ಲಿ ಮಡಿದ ವೀರನಿಗೆ ಸಲ್ಲುತ್ತಿದ್ದ ಸ್ಮಾರಕ ಮತ್ತು ದತ್ತಿಯ ಮರ್ಯಾದೆ ಹಂದಿಯೊಡನೆ ಹೋರಾಡಿ ಮಡಿದ ನಾಯಿಗೂ ಸಂದಿತು.

ಮಾನಸೋಲ್ಲಾಸ ಮತ್ತು ಕಾವ್ಯಗಳು

ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಕರ್ತವ್ಯಗಳನ್ನೂ ವಿನೋದಗಳನ್ನೂ ವಿವರಿಸುವ ವಿಶ್ವಕೋಶ ಸ್ವರೂಪದ ಕೃತಿ. ಅದರಲ್ಲಿ ನಾಯಿಗಳ ವಿನೋದಕ್ಕೆಂದೇ ‘ಸಾರಮೇಯ ವಿನೋದ’ ಎಂಬ ಭಾಗವಿದ್ದು, ಬೇಟೆಯ ಬಗೆಗಳಿಗೆ ಪ್ರತ್ಯೇಕ ಭಾಗವಿದೆ. ಬೇಟೆಯು ಅರಮನೆಯ ವ್ಯವಸ್ಥೆಯ ಅಂಗವಾಗಿದ್ದುದಕ್ಕೆ ಇದು ಸಾಕ್ಷಿ.

ಕನ್ನಡ ಕಾವ್ಯಗಳಲ್ಲಿಯೂ ಬೇಟೆಯ ವರ್ಣನೆಗಳು ಹೇರಳವಾಗಿವೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಬರುವ ಬೇಟೆಯ ಪ್ರಸಂಗ ಪ್ರಸಿದ್ಧವಾದುದು. ಪ್ರಾಣಿಗಳನ್ನು ಪೊದೆಯಿಂದ ಎಬ್ಬಿಸಿ ಬೇಟೆಗಾರನ ಕಡೆಗೆ ಓಡಿಸುವುದಕ್ಕೆ ‘ಸೋವು’ ಅಥವಾ ‘ಸೋಹು’ ಎಂಬ ಪದ ಹಳೆಯ ಕನ್ನಡದಿಂದಲೂ ಬಳಕೆಯಲ್ಲಿದೆ.

ಸಂಸ್ಥಾನಗಳ ಕಾಲ

ಮುಧೋಳ ಸಂಸ್ಥಾನವನ್ನು ಆಳಿದ ಘೋರ್ಪಡೆ ಮನೆತನದವರು ಸ್ಥಳೀಯ ಬೇಟೆನಾಯಿಯ ತಳಿಯನ್ನು ಪೋಷಿಸಿದರು. ಈ ಕಾರ್ಯದಲ್ಲಿ ಮಾಲೋಜಿರಾವ್ ಘೋರ್ಪಡೆಯವರ ಹೆಸರು ಮುಖ್ಯವಾಗಿ ಕೇಳಿಬರುತ್ತದೆ. ಅವರು ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಈ ತಳಿಯ ನಾಯಿಗಳನ್ನು ಕಾಣಿಕೆಯಾಗಿ ನೀಡಿದರೆಂದೂ, ಆ ಬಳಿಕ ‘ಮುಧೋಳ ನಾಯಿ’ ಎಂಬ ಹೆಸರು ಪ್ರಚಾರಕ್ಕೆ ಬಂದಿತೆಂದೂ ಹೇಳಲಾಗುತ್ತದೆ. ಸಂಸ್ಥಾನವು 1948ರಲ್ಲಿ ಭಾರತದಲ್ಲಿ ವಿಲೀನಗೊಂಡಿತು. ಮುಧೋಳ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ.

ಹಳೆಯ ಮೈಸೂರು ಸೀಮೆಯ ಅರಮನೆಗಳಲ್ಲಿ ನಾಯಿಗಳಲ್ಲದೆ ಬೇರೆ ಪ್ರಾಣಿಗಳನ್ನೂ ಬೇಟೆಗೆ ಬಳಸುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಬಳಿ ಜಿಂಕೆ ಬೇಟೆಗೆ ಪಳಗಿಸಿದ ಸಿವಂಗಿಗಳಿದ್ದವು. 1799ರಲ್ಲಿ ಪಟ್ಟಣವು ಬ್ರಿಟಿಷರ ವಶವಾದಾಗ ಅವೂ ಅವರ ಕೈಸೇರಿದವು.

ಬ್ರಿಟಿಷ್ ಮಾದರಿಯ ಸಂಘಟನೆ

ಇಂಗ್ಲೆಂಡಿನಲ್ಲಿ ನರಿ ಬೇಟೆಯು 18ನೆಯ ಶತಮಾನದ ಉತ್ತರಾರ್ಧದಲ್ಲಿ ಆಧುನಿಕ ರೂಪ ಪಡೆಯಿತು. ಕ್ವಾರ್ನ್ ಬೇಟೆ ತಂಡದ ಮುಖ್ಯಸ್ಥನಾಗಿದ್ದ ಹ್ಯೂಗೋ ಮೇನೆಲ್‌ನನ್ನು ಅದರ ಜನಕನೆಂದು ಪರಿಗಣಿಸಲಾಗುತ್ತದೆ. ಪ್ರತಿ ತಂಡದಲ್ಲಿಯೂ ನಿರ್ದಿಷ್ಟ ಹೊಣೆಗಾರಿಕೆಯ ಜನರಿರುತ್ತಿದ್ದರು:

- ಮಾಸ್ಟರ್: ತಂಡದ ಮುಖ್ಯಸ್ಥ. ಬೇಟೆಯ ದಿನ, ಸ್ಥಳ, ಶಿಸ್ತುಗಳ ಬಗ್ಗೆ ಅಂತಿಮ ತೀರ್ಮಾನ ಇವರದು. ಜಮೀನಿನ ಒಡೆಯರೊಡನೆ ಸೌಹಾರ್ದ ಕಾಯ್ದುಕೊಳ್ಳುವುದೂ ಇವರ ಹೊಣೆ.
- ಹಂಟ್ಸ್‌ಮನ್: ಬೇಟೆಯ ವೇಳೆ ಕೊಂಬೂದಿ ನಾಯಿಗಳನ್ನು ನಡೆಸುವವನು.
- ವಿಪ್ಪರ್-ಇನ್: ಗುಂಪಿನಿಂದ ಚದುರುವ ನಾಯಿಗಳನ್ನು ಹಿಂದಕ್ಕೆ ತರುವ ಸಹಾಯಕ. ಶಾಸನಸಭೆಗಳಲ್ಲಿ ಪಕ್ಷದ ಸದಸ್ಯರನ್ನು ಒಗ್ಗೂಡಿಸುವ ಸಚೇತಕರಿಗೆ ‘ವಿಪ್’ ಎಂಬ ಹೆಸರು ಬಂದಿರುವುದು ಈ ಪದದಿಂದ.
- ಫೀಲ್ಡ್: ವಂತಿಗೆ ಕೊಟ್ಟು ಕುದುರೆಯೇರಿ ಹಿಂದೆ ಬರುವ ಸದಸ್ಯರ ಸಮೂಹ.

ನಾಯಿಗಳನ್ನು ಒಂಟಿಯಾಗಿ ಎಣಿಸದೆ ಜೋಡಿಗಳ ಲೆಕ್ಕದಲ್ಲಿ ಎಣಿಸುವುದು ರೂಢಿ. ಪ್ರತಿ ತಂಡಕ್ಕೂ ಗೊತ್ತುಪಡಿಸಿದ ಬೇಟೆಯ ಸೀಮೆ ಇರುತ್ತಿತ್ತು. ಒಂದು ತಂಡ ಇನ್ನೊಂದರ ಸೀಮೆಯಲ್ಲಿ ಬೇಟೆಯಾಡುವಂತಿರಲಿಲ್ಲ. ಈ ಗಡಿಗಳ ವಿವಾದಗಳನ್ನು ಬಗೆಹರಿಸಲು ಮತ್ತು ನಿಯಮಗಳನ್ನು ರೂಪಿಸಲು 1881ರಲ್ಲಿ ಮಾಸ್ಟರುಗಳ ಸಂಘವೊಂದು ಸ್ಥಾಪನೆಯಾಯಿತು. ಹೀಗೆ ಬೇಟೆಯ ಆಡಳಿತವು ಸರ್ಕಾರದಿಂದ ಹೊರಗಿದ್ದ ಖಾಸಗಿ ಸಂಘದ ಕೈಯಲ್ಲಿ ಬಹುಕಾಲ ಉಳಿಯಿತು.

ನೀಲಗಿರಿಯಲ್ಲಿ

ಬ್ರಿಟಿಷ್ ಅಧಿಕಾರಿಗಳು ಮತ್ತು ಸೇನಾನಿಗಳು ಈ ಪದ್ಧತಿಯನ್ನು ಭಾರತಕ್ಕೂ ತಂದರು. ಪೇಶಾವರ, ಮುಂಬಯಿ, ಮದ್ರಾಸು ಮೊದಲಾದೆಡೆ ಬೇಟೆ ತಂಡಗಳಿದ್ದವು. ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ, ಕನ್ನಡಕ್ಕೆ ಹತ್ತಿರವಾದ ಬಡಗ ಭಾಷೆಯನ್ನಾಡುವ ಜನರಿರುವ ನೀಲಗಿರಿಯ ಉದಕಮಂಡಲದಲ್ಲಿ 19ನೆಯ ಶತಮಾನದ ಮೊದಲರ್ಧದಲ್ಲಿಯೇ ಇಂತಹ ಬೇಟೆ ಆರಂಭವಾಯಿತು. ಮುಂದೆ ಇದು ‘ಊಟಕಮಂಡ್ ಹಂಟ್’ ಎಂದು ಹೆಸರಾಯಿತು.

ನೀಲಗಿರಿಯ ತಂಪು ಹವೆ ಆಂಗ್ಲ ತಳಿಯ ನಾಯಿಗಳಿಗೆ ಒಗ್ಗುತ್ತಿತ್ತು. ಏರಿಳಿತದ ಹುಲ್ಲುಗಾವಲುಗಳು ಕುದುರೆ ಸವಾರಿಗೆ ಅನುಕೂಲವಾಗಿದ್ದವು. ಈ ಬಯಲಿಗೆ 1891ರಿಂದ 1896ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕ್‌ನ ಹೆಸರಿನಿಂದ ‘ವೆನ್ಲಾಕ್ ಡೌನ್ಸ್’ ಎಂಬ ಹೆಸರು ಬಂದಿತು. ಮಾಸ್ಟರ್, ಹಂಟ್ಸ್‌ಮನ್, ಕೆಂಪು ಕೋಟು, ಕೊಂಬಿನ ದನಿ ಎಲ್ಲವೂ ಇಂಗ್ಲೆಂಡಿನಂತೆಯೇ ಇದ್ದವು. ಬೆನ್ನಟ್ಟುವ ಪ್ರಾಣಿ ಮಾತ್ರ ಗುಳ್ಳೆನರಿಯಾಗಿತ್ತು. ಇಂಗ್ಲಿಷರು ಬೇಟೆಯ ಬಯಲೆಂದು ಕಂಡ ಈ ಹುಲ್ಲುಗಾವಲು ತೋಡ ಸಮುದಾಯದವರು ಎಮ್ಮೆ ಮೇಯಿಸುತ್ತಿದ್ದ ನೆಲವೂ ಆಗಿತ್ತು.

ಗ್ರಾಮೀಣ ಸಮೂಹ ಬೇಟೆ

ಹಳ್ಳಿಗಳ ಬೇಟೆಗೆ ಲಿಖಿತ ನಿಯಮಗಳಿರಲಿಲ್ಲವಾದರೂ ರೂಢಿಯ ಕಟ್ಟುಪಾಡುಗಳಿದ್ದವು. ಕೆಲವರು ತಮಟೆ ಬಡಿದು, ಕೂಗು ಹಾಕಿ ಪ್ರಾಣಿಗಳನ್ನು ಎಬ್ಬಿಸುತ್ತಿದ್ದರು. ಕೆಲವರು ಬಲೆ ಕಟ್ಟಿ ಕಾಯುತ್ತಿದ್ದರು. ನಾಯಿಗಳು ಎರಡರ ನಡುವೆ ಕೆಲಸ ಮಾಡುತ್ತಿದ್ದವು. ಸಿಕ್ಕಿದ ಮಾಂಸವನ್ನು ಪಾಲು ಹಾಕಿಕೊಳ್ಳುತ್ತಿದ್ದರು, ನಾಯಿಯ ಒಡೆಯನಿಗೂ ಪಾಲು ಸಲ್ಲುವ ರೂಢಿ ಹಲವೆಡೆ ಇತ್ತು. ಬೆಳೆಗೆ ಹಂದಿ, ಮೊಲಗಳ ಹಾವಳಿಯನ್ನು ತಡೆಯುವುದೂ ಇದರ ಉದ್ದೇಶವಾಗಿತ್ತು.

ಯುಗಾದಿಯ ಸಂದರ್ಭದಲ್ಲಿ ಊರವರು ಗುಂಪಾಗಿ ಬೇಟೆಗೆ ಹೋಗುವ ಪದ್ಧತಿ ರಾಜ್ಯದ ಹಲವು ಭಾಗಗಳಲ್ಲಿತ್ತು. ಹಳೆಯ ಮೈಸೂರು ಭಾಗದಲ್ಲಿ ಹಬ್ಬದ ಮರುದಿನ ಮಾಂಸದೂಟ ಮಾಡುವ ‘ಹೊಸತೊಡಕು’ ಆಚರಣೆ ಇಂದಿಗೂ ಇದೆ. ಈಗ ಅದಕ್ಕೆ ಕುರಿ, ಮೇಕೆ, ಕೋಳಿಗಳ ಮಾಂಸ ಬಳಕೆಯಾಗುತ್ತದೆ. ಆದರೂ ಹಬ್ಬದ ಹೆಸರಿನಲ್ಲಿ ಕದ್ದು ನಡೆಯುವ ಬೇಟೆಯನ್ನು ತಡೆಯಲು ಅರಣ್ಯ ಇಲಾಖೆಯು ಆ ದಿನಗಳಲ್ಲಿ ಗಸ್ತು ಹೆಚ್ಚಿಸುತ್ತದೆ.

ನರಿಯ ಬಗೆಗಿನ ನಂಬಿಕೆ ಎರಡು ಬಗೆಯದು. ಬೆಳಿಗ್ಗೆ ನರಿಯ ಮುಖ ನೋಡಿದರೆ ಅದೃಷ್ಟ ಒಲಿಯುತ್ತದೆ ಎಂಬ ನಂಬಿಕೆಯಿಂದಾಗಿ, ಒಳ್ಳೆಯದಾದವರನ್ನು ‘ನರಿ ಮುಖ ನೋಡಿ ಎದ್ದಿದ್ದಾನೆ’ ಎನ್ನುವ ಮಾತು ಬಂದಿದೆ. ಕೋಲಾರ ಭಾಗದ ಕೆಲವು ಹಳ್ಳಿಗಳಲ್ಲಿ ಸಂಕ್ರಾಂತಿಯಂದು ನರಿಯನ್ನು ಹಿಡಿದು ತಂದು, ಪೂಜಿಸಿ, ಮತ್ತೆ ಓಡಿಸುವ ರೂಢಿಯಿತ್ತು. ಇನ್ನೊಂದೆಡೆ, ‘ನರಿ ಕೊಂಬು’ ಇಟ್ಟುಕೊಂಡರೆ ಸಂಪತ್ತು ಬರುತ್ತದೆ ಎಂಬ ಮೂಢನಂಬಿಕೆಯಿಂದ ನರಿಗಳನ್ನು ಕೊಲ್ಲುವುದೂ ಉಂಟು. ನರಿಗೆ ಕೊಂಬು ಇರುವುದಿಲ್ಲ. ಈ ಹೆಸರಿನಲ್ಲಿ ಮಾರುವ ವಸ್ತುವು ನರಿಯ ಅಂಗದಿಂದ ಮಾಡಿದ್ದಾಗಿದ್ದರೆ ಅಪರಾಧ. ಬೇರೇನಾದರೂ ಆಗಿದ್ದರೆ ವಂಚನೆ.

ಕಾನೂನು

ವನ್ಯಜೀವಿ ಕಾಯ್ದೆ

ವನ್ಯಜೀವಿ (ಸಂರಕ್ಷಣಾ) ಕಾಯ್ದೆಯು 1972ರಲ್ಲಿ ರಚನೆಯಾದಾಗ ಬೇಟೆಯನ್ನು ಪೂರ್ತಿಯಾಗಿ ನಿಷೇಧಿಸಿರಲಿಲ್ಲ. ದೊಡ್ಡ ಬೇಟೆ, ಸಣ್ಣ ಬೇಟೆ ಮುಂತಾದ ವರ್ಗಗಳಲ್ಲಿ ಪರವಾನಗಿ ನೀಡುವ ವ್ಯವಸ್ಥೆ ಅದರಲ್ಲಿತ್ತು. 1991ರ ತಿದ್ದುಪಡಿಯು ಈ ಪರವಾನಗಿಗಳನ್ನು ತೆಗೆದುಹಾಕಿತು. ಅಂದಿನಿಂದ, ಅನುಸೂಚಿಗಳಲ್ಲಿ ಸೇರಿದ ಪ್ರಾಣಿಗಳನ್ನು ಕ್ರೀಡೆಗಾಗಿ ಬೇಟೆಯಾಡಲು ಯಾವ ಸಂಘಕ್ಕೂ ವ್ಯಕ್ತಿಗೂ ಅವಕಾಶವಿಲ್ಲ.

ಕಾಯ್ದೆಯ 2ನೆಯ ಕಲಮಿನಲ್ಲಿರುವ ‘ಬೇಟೆ’ಯ ವ್ಯಾಖ್ಯೆ ವಿಶಾಲವಾದುದು. ಕೊಲ್ಲುವುದು, ವಿಷವಿಕ್ಕುವುದು, ಹಿಡಿಯುವುದು, ಉರುಳು ಅಥವಾ ಬೋನು ಒಡ್ಡುವುದು ಇವುಗಳ ಜೊತೆಗೆ ಬೆನ್ನಟ್ಟುವುದು, ಸೋವುವುದು ಹಾಗೂ ಇವುಗಳಿಗೆ ಪ್ರಯತ್ನಿಸುವುದು ಕೂಡ ‘ಬೇಟೆ’ಯೇ ಆಗಿದೆ. ಆದ್ದರಿಂದ ಮೊಲ ಅಥವಾ ನರಿಯ ಮೇಲೆ ನಾಯಿಯನ್ನು ಬಿಟ್ಟವನು, ಪ್ರಾಣಿ ತಪ್ಪಿಸಿಕೊಂಡು ಹೋದರೂ, ಕಾನೂನಿನ ದೃಷ್ಟಿಯಲ್ಲಿ ಬೇಟೆಯಾಡಿದಂತೆಯೇ.

9ನೆಯ ಕಲಮು ಬೇಟೆಯನ್ನು ನಿಷೇಧಿಸುತ್ತದೆ. 11 ಮತ್ತು 12ನೆಯ ಕಲಮುಗಳು ಸೀಮಿತ ವಿನಾಯಿತಿಗಳನ್ನು ನೀಡುತ್ತವೆ. ಮನುಷ್ಯರ ಜೀವಕ್ಕೆ ಅಪಾಯ ಒಡ್ಡುವ, ಗುಣವಾಗದ ಗಾಯ ಅಥವಾ ರೋಗಕ್ಕೆ ತುತ್ತಾದ ಪ್ರಾಣಿಗಳ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ನೀಡಬಹುದು. ಕೆಲವು ಪ್ರಾಣಿಗಳ ವಿಷಯದಲ್ಲಿ ಬೆಳೆ, ಆಸ್ತಿಯ ಹಾನಿಯೂ ಇಂತಹ ಆದೇಶಕ್ಕೆ ಕಾರಣವಾಗಬಹುದು. ಆತ್ಮರಕ್ಷಣೆಗಾಗಿ ಸದುದ್ದೇಶದಿಂದ ಮಾಡಿದ ಕೃತ್ಯ ಅಪರಾಧವಲ್ಲ. ಬೆಳೆ ಹಾಳಾಯಿತೆಂಬ ಕಾರಣಕ್ಕೆ ರೈತರು ಆದೇಶವಿಲ್ಲದೆ ತಾವೇ ಬೇಟೆಯಾಡುವಂತಿಲ್ಲ. ಬೇಟೆಯಾಡಿದ ಪ್ರಾಣಿಯು 39ನೆಯ ಕಲಮಿನ ಪ್ರಕಾರ ಸರ್ಕಾರದ ಸ್ವತ್ತು. ಅದರ ಮಾಂಸವನ್ನು ಪಾಲು ಹಾಕಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿದೆ. ಸಾಮಾನ್ಯ ಅಪರಾಧಗಳಿಗೆ 3 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ತೋಳ, ಉಡ ಮೊದಲಾದ ಒಂದನೆಯ ಅನುಸೂಚಿಯ ಪ್ರಾಣಿಗಳ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡವಿದೆ.

ಇತರ ಕಾನೂನುಗಳು

ಪ್ರಾಣಿಗಳ ಮೇಲಿನ ಹಿಂಸೆ ತಡೆ ಕಾಯ್ದೆ, 1960ರ 11ನೆಯ ಕಲಮು ಕೇವಲ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಇನ್ನೊಂದರ ಮೇಲೆ ಎತ್ತಿಕಟ್ಟಿ ಕಾದಾಡಿಸುವುದನ್ನು ಕ್ರೌರ್ಯವೆಂದು ಪರಿಗಣಿಸುತ್ತದೆ. ಸಂವಿಧಾನದ 51ಎ(ಜಿ) ವಿಧಿಯು ವನ್ಯಜೀವಿಗಳ ರಕ್ಷಣೆ ಮತ್ತು ಜೀವಿಗಳ ಬಗ್ಗೆ ದಯೆಯನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. 1976ರ 42ನೆಯ ತಿದ್ದುಪಡಿಯು ವನ್ಯಜೀವಿಗಳ ರಕ್ಷಣೆಯನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ವರ್ಗಾಯಿಸಿತು.

ಬ್ರಿಟನ್ನಿನೊಡನೆ ಹೋಲಿಕೆ

ನರಿ ಬೇಟೆಯ ತವರಾದ ಬ್ರಿಟನ್ನಿನಲ್ಲಿ ನಿಷೇಧವು ಭಾರತಕ್ಕಿಂತ ತಡವಾಗಿ ಬಂದಿತು. ಸ್ಕಾಟ್ಲೆಂಡಿನಲ್ಲಿ 2002ರಲ್ಲಿ ಕಾನೂನು ರಚನೆಯಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಅನ್ವಯಿಸುವ 2004ರ ಬೇಟೆ ಕಾಯ್ದೆಯು 2005ರ ಫೆಬ್ರುವರಿ 18ರಂದು ಜಾರಿಗೆ ಬಂದಿತು. ಎರಡು ನಾಯಿಗಳವರೆಗೆ ಬಳಸಿ ಪ್ರಾಣಿಯನ್ನು ಬಂದೂಕಿನ ಕಡೆಗೆ ಎಬ್ಬಿಸುವುದು ಮೊದಲಾದ ಕೆಲವು ಕೃತ್ಯಗಳಿಗೆ ಷರತ್ತಿನ ವಿನಾಯಿತಿಗಳನ್ನು ಅದು ಉಳಿಸಿಕೊಂಡಿತು. ಅನೇಕ ತಂಡಗಳು, ಮೊದಲೇ ನೆಲದ ಮೇಲೆ ಎಳೆದ ವಾಸನೆಯ ಜಾಡನ್ನು ನಾಯಿಗಳು ಹಿಂಬಾಲಿಸುವ ಕ್ರೀಡೆಗೆ ಬದಲಾದವು. ಈ ಹೆಸರಿನಲ್ಲಿ ನಿಜವಾದ ಬೇಟೆಯೇ ನಡೆಯುತ್ತಿದೆ ಎಂಬ ಆಕ್ಷೇಪವೂ ಅಲ್ಲಿ ವ್ಯಾಪಕವಾಗಿದೆ.

ಎರಡು ದೇಶಗಳ ಕಾನೂನುಗಳ ಆಧಾರಗಳು ಬೇರೆ. ಬ್ರಿಟನ್ನಿನ ಚರ್ಚೆಯು ಮುಖ್ಯವಾಗಿ ಬೇಟೆಯ ವಿಧಾನದಲ್ಲಿರುವ ಕ್ರೌರ್ಯದ ಸುತ್ತ ನಡೆಯಿತು. ಅಲ್ಲಿ ನರಿಯನ್ನು ಬೇರೆ ವಿಧಾನದಿಂದ ಕೊಲ್ಲಲು ಅವಕಾಶವಿದೆ. ಭಾರತದ ಕಾಯ್ದೆಯು ಪ್ರಾಣಿ ಪ್ರಭೇದದ ಉಳಿವನ್ನು ಆಧಾರವಾಗಿಟ್ಟುಕೊಂಡಿದೆ. ಆದ್ದರಿಂದ ವಿಧಾನ ಯಾವುದೇ ಆದರೂ ನಿಷೇಧ ಅನ್ವಯಿಸುತ್ತದೆ.

ಮಂಡ್ಯ ಜಿಲ್ಲೆಯ ಸಂರಕ್ಷಿತ ಪ್ರದೇಶಗಳು

ಕಾಳಿಯ ಸ್ಮಾರಕ ದೊರೆತ ಮಂಡ್ಯ ಜಿಲ್ಲೆಯಲ್ಲಿ ಇಂದು ಹಲವು ಸಂರಕ್ಷಿತ ಪ್ರದೇಶಗಳಿವೆ. 1974ರಲ್ಲಿ ಘೋಷಿತವಾದ ಮೇಲುಕೋಟೆ ವನ್ಯಜೀವಿಧಾಮವು 49.82 ಚದರ ಕಿ.ಮೀ. ವಿಸ್ತಾರವಾಗಿದ್ದು, ತೋಳಗಳ ರಕ್ಷಣೆ ಅದರ ಮುಖ್ಯ ಉದ್ದೇಶಗಳಲ್ಲೊಂದು. ಅದರ ಒಂದು ಭಾಗ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಸುತ್ತಲೂ, ನಾರಾಯಣದುರ್ಗದ ಭಾಗ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿಯೂ ಇದೆ. ನಾಗಮಂಗಲ ತಾಲ್ಲೂಕಿನಲ್ಲಿ ಆದಿಚುಂಚನಗಿರಿ ನವಿಲುಧಾಮ, ಶ್ರೀರಂಗಪಟ್ಟಣದ ಬಳಿ ರಂಗನತಿಟ್ಟು ಪಕ್ಷಿಧಾಮಗಳಿವೆ.

ಆದರೆ ನರಿ, ಮೊಲ, ತೋಳಗಳು ಧಾಮದ ಗಡಿಯೊಳಗೆ ಮಾತ್ರ ಬದುಕುವುದಿಲ್ಲ. ಊರ ಗೋಮಾಳ, ಕೆರೆಯಂಗಳ, ಕುರುಚಲು ಗುಡ್ಡ ಹಾಗೂ ಕಬ್ಬಿನ ಗದ್ದೆಗಳೂ ಅವುಗಳ ನೆಲೆಗಳಾಗಿವೆ. ಕಾಯ್ದೆಯ ಬೇಟೆ ನಿಷೇಧವು ಧಾಮಗಳಿಗೆ ಸೀಮಿತವಾಗಿಲ್ಲ. ಖಾಸಗಿ ಜಮೀನಿಗೂ ಅದು ಸಮಾನವಾಗಿ ಅನ್ವಯಿಸುತ್ತದೆ.

ಬೇಟೆನಾಯಿಗಳ ಇಂದಿನ ಸ್ಥಿತಿ

ಬೇಟೆ ನಿಂತ ಮೇಲೆ ಬೇಟೆಗೆಂದೇ ಬೆಳೆಸಿದ ತಳಿಗಳನ್ನು ಉಳಿಸಿಕೊಳ್ಳುವ ಪ್ರಶ್ನೆ ಎದುರಾಯಿತು. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿ, ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಕಾರ್ಯನಿರ್ವಹಿಸುತ್ತಿದೆ. ಭಾರತೀಯ ಅಂಚೆ ಇಲಾಖೆಯು 2005ರ ಜನವರಿ 9ರಂದು ಹೊರತಂದ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳ ನಾಯಿಯೂ ಒಂದು. 2016ರಲ್ಲಿ ಈ ತಳಿಯ ನಾಯಿಗಳನ್ನು ಮೀರತ್‌ನಲ್ಲಿರುವ ಸೇನೆಯ ಕೇಂದ್ರಕ್ಕೆ ತರಬೇತಿಗಾಗಿ ಕಳುಹಿಸಲಾಯಿತು. ಕಾವಲು ಕೆಲಸಕ್ಕೂ ಕುರಿಮಂದೆಯ ರಕ್ಷಣೆಗೂ ಇವು ಬಳಕೆಯಾಗುತ್ತಿವೆ.

ನಾಯಿಗಳಿಂದ ವನ್ಯಜೀವಿಗಳಿಗಿರುವ ಅಪಾಯ ಬೇಟೆಯೊಂದಿಗೆ ಮುಗಿಯುವುದಿಲ್ಲ. ಹುಲ್ಲುಗಾವಲುಗಳಲ್ಲಿ ಒಡೆಯರ ಅಂಕೆಯಿಲ್ಲದೆ ತಿರುಗುವ ನಾಯಿಗಳು ನರಿಗಳನ್ನು ಅಟ್ಟುವುದಲ್ಲದೆ, ರೇಬೀಸ್ ಮತ್ತು ಡಿಸ್ಟೆಂಪರ್‌ನಂತಹ ರೋಗಗಳನ್ನೂ ಅವುಗಳಿಗೆ ಹರಡಬಲ್ಲವು. ಸಾಕಿದ ನಾಯಿಗಳಿಗೆ ಲಸಿಕೆ ಹಾಕಿಸುವುದು ಮತ್ತು ಅವು ಕಾಡಂಚಿನಲ್ಲಿ ಅಲೆಯದಂತೆ ನೋಡಿಕೊಳ್ಳುವುದು ಆದ್ದರಿಂದ ಸಂರಕ್ಷಣೆಯ ಭಾಗವೇ ಆಗಿದೆ.

ಇವನ್ನೂ ನೋಡಿ

- ಆತಕೂರು
- ಮುಧೋಳ ನಾಯಿ
- ಎರಡನೆಯ ಬೂತುಗ
- ಮಾನಸೋಲ್ಲಾಸ
- ಮೇಲುಕೋಟೆ ವನ್ಯಜೀವಿಧಾಮ
- ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972
- ನೀಲಗಿರಿ ಜಿಲ್ಲೆ